ಶಹಾದೆ ಹೊರೆ ಇಳಿಸುತ್ತಿದ್ದ ಕಟ್ಟೆ

ಗುಡ್ಡ ಹತ್ತುವ ನಮ್ಮ ಖರ್ರೂಬ್ ಮೆಟ್ಟಿಲುಬೀದಿಯ ಮೂರನೇ ತಿರುವಿನಲ್ಲಿ ಈಗಲೂ ಒಂದಿಷ್ಟು ಹಳದಿ, ಒಂದಿಷ್ಟು ನೀಲಿ ಬಣ್ಣ ಉಳಿದಿದೆ. ಎಷ್ಟು ಉಜ್ಜಿದರೂ ಹೋಗದ ಎಣ್ಣೆಬಣ್ಣ. ಅದನ್ನು ನೋಡಿದಾಗಲೆಲ್ಲ ನನಗೆ ಹೇಸಿಗೆಯಾಗುತ್ತದೆ. ಬಳಿದವರ ಮೇಲೆ ಅಷ್ಟು ಅಸಹ್ಯ, ನಗುನಗುತ್ತಾ ಬಳಿಸಿಕೊಂಡ ನಮ್ಮ ಮೇಲೆ ಅದರ ಎರಡರಷ್ಟು. ನಾನು ಹೇಳಹೊರಟಿದ್ದು ಹಮಾಲಿ ಶಹಾದೆಯ ವಿಷಯ. ಅವನ ಐವತ್ತೆಂಟು ವರ್ಷದ ಬದುಕಿನಲ್ಲಿ ಈ ಬಣ್ಣದ ಗಲಾಟೆ ಎರಡು ತಿಂಗಳ ಮಾತು. ಆದರೆ ಅದನ್ನು ಬಿಟ್ಟು ಅವನ ಕತೆ ಹೇಳಲು ನನಗೆ ಬರುವುದಿಲ್ಲ.

ಅಮ್ಮಾನ್‌ನ ಜೋಫೆ ಗುಡ್ಡದ ಈ ಮೆಟ್ಟಿಲು ಒಟ್ಟು ನೂರ ಎಂಬತ್ತಾರು. ಗಾಡಿ ಕೆಳಗಿನ ರಸ್ತೆಯವರೆಗೆ ಮಾತ್ರ ಬರುತ್ತದೆ. ಅಲ್ಲಿಂದ ಮೇಲಕ್ಕೆ ಗ್ಯಾಸ್ ಸಿಲಿಂಡರ್ ಬರಲಿ, ಮದುಮಗಳ ಕಪಾಟು ಬರಲಿ, ಶಹಾದೆಯ ಬೆನ್ನ ಮೇಲೆಯೇ ಬರಬೇಕು. ಯುದ್ಧಕ್ಕೆ ಮನೆಮಾರು ಬಿಟ್ಟು ನದಿಯ ಸೇತುವೆ ದಾಟಿ ಈ ಕಡೆ ಬಂದಾಗ ಅವನು ತಾಯಿಯ ಬೆನ್ನ ಮೇಲಿದ್ದ ಕೂಸು. ಹದಿನಾಲ್ಕು ತುಂಬುವಷ್ಟರಲ್ಲಿ ಅವನ ಬೆನ್ನ ಮೇಲೆ ಬೇರೆಯವರ ಸಂಸಾರ ಏರಿತ್ತು. ಈ ಬೀದಿಯ ಮೊದಲ ಫ್ರಿಜ್ ತಂದವನು ಅವನು, ಅದೇ ಫ್ರಿಜ್ ತುಕ್ಕು ಹಿಡಿದ ಮೇಲೆ ಕೆಳಗಿಳಿಸಿದವನೂ ಅವನೇ. ನಾನು ಬಟ್ಟೆ ಹೊಲಿದು ಬದುಕುವವಳು. ಮೂವತ್ತು ವರ್ಷದ ಹಿಂದೆ ನನ್ನ ಹೊಲಿಗೆ ಮಷೀನು ಹೊತ್ತು ತಂದು ನಡುಮನೆಯಲ್ಲಿಟ್ಟವನು, "ಉಮ್ ನಾಸಿಫ್, ಇದಕ್ಕಿಂತ ನಿನ್ನ ಬಾಯಿ ಭಾರ ಕಣಮ್ಮ. ಅದನ್ನ ಹೊರೋಕೆ ನಿನ್ನ ಗಂಡನಿಗೆ ದೇವರು ಶಕ್ತಿ ಕೊಡಲಿ" ಅಂದಿದ್ದ. ನನ್ನ ಗಂಡ ಬಿದ್ದು ಬಿದ್ದು ನಕ್ಕಿದ್ದ. ಈಗ ಅವನಿಲ್ಲ, ಬಾಯಿ ಹಾಗೇ ಇದೆ.

ಶಹಾದೆಗೆ ಗಂಡುಮಕ್ಕಳಿಲ್ಲ. ರೌದಾ ಎಂಬ ಒಬ್ಬಳೇ ಮಗಳು, ಇರ್ಬಿದ್‌ನಲ್ಲಿ ಗಂಡನ ಮನೆ. ನಾಸಿಫ್‌ನ ತಾಯಿಯಾದ್ದರಿಂದ ನಾನು ಉಮ್ ನಾಸಿಫ್. ನಮ್ಮಲ್ಲಿ ಮಗ ಹುಟ್ಟದಿದ್ದರೂ ಹುಟ್ಟದ ಮಗನ ಹೆಸರು ಹಿಡಿದು 'ಇಂಥವನ ಅಪ್ಪ' ಎಂದು ಕರೆಸಿಕೊಳ್ಳುವ ಗಂಡಸರಿದ್ದಾರೆ. ಶಹಾದೆ ಮಾತ್ರ ಅಬು ರೌದಾ, ರೌದಾಳ ಅಪ್ಪ, ಎಂದೇ ಕರೆಸಿಕೊಂಡ. ಕಾಫಿ ಅಂಗಡಿಯಲ್ಲಿ ಯಾರಾದರೂ ಕೆಣಕಿದರೆ, "ಇರೋ ಮಗಳ ಹೆಸರು ಬಿಟ್ಟು ಇಲ್ಲದ ಮಗನ ಹೆಸರು ಇಟ್ಕೊಳ್ಳೋಕೆ ನನಗೇನು ತಲೆ ಕೆಟ್ಟಿದೆಯಾ?" ಅನ್ನುತ್ತಿದ್ದ.

ಅವನ ಕೆಲಸದ ಒಂದು ಗುಟ್ಟು ಹೇಳಬೇಕು. ಮೂರನೇ ತಿರುವಿನಲ್ಲಿ ಮೆಟ್ಟಿಲು ಇದ್ದಕ್ಕಿದ್ದಂತೆ ಬಲಕ್ಕೆ ಹೊರಳುತ್ತದೆ. ಅಲ್ಲೊಂದು ಚಿಕ್ಕ ಜಗುಲಿ, ಅದರಂಚಿಗೆ ಸೊಂಟದೆತ್ತರದ ಕಲ್ಲಿನ ಕಟ್ಟೆ. ಕಟ್ಟೆಗೆ ಅಂಟಿಕೊಂಡಂತೆ ನನ್ನ ಮನೆಯ ಕಿಟಕಿ. ಹೊರೆ ಹೊತ್ತವನು ಆ ತಿರುವಿನಲ್ಲಿ ನಿಂತಲ್ಲೇ ತಿರುಗಿದರೆ ಹೊರೆ ಅವನನ್ನೇ ಎಳೆದುಕೊಂಡು ಕೆಳಗೆ ಹೋಗುತ್ತದೆ. ಅದಕ್ಕೇ ಶಹಾದೆ ಹಿಂದೆ ಹಿಂದೆ ಹೆಜ್ಜೆಯಿಟ್ಟು, ಬಗ್ಗದೆ, ಹೊರೆಯ ತಳವನ್ನು ಕಟ್ಟೆಯ ಮೇಲೆ ಕೂರಿಸಿ, ಎದೆಯ ಹಗ್ಗ ಸಡಿಲಿಸುತ್ತಿದ್ದ. ನಾಲ್ಕು ಉಸಿರು. ಆಮೇಲೆ ಮಗ್ಗುಲು ಬದಲಿಸಿ ಹಗ್ಗ ಬಿಗಿದು ಮುಂದಕ್ಕೆ. "ಹೊರೆಯವನು ಕೂತ ಅಂದ್ರೆ ಮುಗೀತು. ಕೂತ ಮಂಡಿ ಏಳಲ್ಲ" ಎಂದು ಅವನು ಹೇಳುತ್ತಿದ್ದ. ಆ ಕಟ್ಟೆಯನ್ನು ಅಷ್ಟೇ ಎತ್ತರಕ್ಕೆ ಕಟ್ಟಿದ ಪುಣ್ಯಾತ್ಮ ಯಾರೋ, ಯಾವ ವಿಶ್ವವಿದ್ಯಾಲಯಕ್ಕೂ ಹೋದವನಲ್ಲ.

ನಾಲ್ಕು ವರ್ಷದ ಕೆಳಗೆ ಅವನ ಹೆಂಡತಿ ಹಸ್ನಾಳಿಗೆ ಸಕ್ಕರೆ ಕಾಯಿಲೆ ಉಲ್ಬಣಿಸಿ ಎಡಗಾಲನ್ನು ಮಂಡಿಯ ಕೆಳಗೆ ಕತ್ತರಿಸಿದರು. ಹಿಂದೆಯೇ ಮೂತ್ರಪಿಂಡ ಕೈಕೊಟ್ಟಿತು. ಶನಿವಾರ, ಸೋಮವಾರ, ಬುಧವಾರ ಸರ್ಕಾರಿ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಎರಡು ಸಲ ತಪ್ಪಿದರೆ ಮೂರನೆಯದಕ್ಕೆ ಕರೆತರುವ ಅಗತ್ಯವಿಲ್ಲ ಎಂದು ಅಲ್ಲಿನ ನರ್ಸ್ ಮುಖಕ್ಕೇ ಹೇಳಿದ್ದಳಂತೆ.

ಹಸ್ನಾ ಎಂಥವಳು ಎಂದು ನನಗೆ ಗೊತ್ತು. ಅವಳ ಕಸೂತಿಯ ನಿಲುವಂಗಿ ನೋಡಲೆಂದೇ ಹೆಂಗಸರು ಮದುವೆಮನೆಗೆ ಬೇಗ ಬರುತ್ತಿದ್ದರು. ತಲೆಯೆತ್ತಿ ನಡೆದವಳು. ಕುರ್ಚಿಯಲ್ಲಿ ಕೂರಿಸಿ ಇಬ್ಬರು ಗಂಡಸರು ಹೊರುತ್ತಾರೆ ಅಂದರೆ, ಪರಗಂಡಸಿನ ಕೈ ನನ್ನ ಕುರ್ಚಿಗೂ ತಾಗಕೂಡದು ಅಂದಳು. ಗಂಡನ ಬೆನ್ನಿಗೆ ಮಾತ್ರ ಒಪ್ಪಿದಳು, ಅದಕ್ಕೂ ಒಂದು ಕರಾರು ಹಾಕಿದಳು. "ಕಾಲು ನೇತಾಡಿಸ್ಕೊಂಡು ಮೂಟೆ ಥರ ನಿನ್ನ ಬೆನ್ನ ಮೇಲೆ ಹೋಗೋದನ್ನ ಒಂದೇ ಒಂದು ಕಣ್ಣು ನೋಡಿದ್ರೂ ಸರಿ, ಅವತ್ತೇ ಕೊನೆ. ಮನೇಲೇ ಸಾಯ್ತೀನಿ." ಇದನ್ನು ಶಹಾದೆಯೇ ಒಂದು ದಿನ, ಕಟ್ಟೆಯ ಮೇಲೆ ಸಿಲಿಂಡರ್ ಕೂರಿಸಿ ನಿಂತಾಗ, ನನ್ನ ಮುಖ ನೋಡದೆ ಹೇಳಿದ. ಹೇಳಿದ್ದೇಕೆ ಎಂದು ನನಗೆ ಅರ್ಥವಾಯಿತು. ಮಧ್ಯಾಹ್ನದೊಳಗೆ ಇಡೀ ಬೀದಿಗೆ ಅರ್ಥವಾಗುವಂತೆ ನಾನು ಮಾಡಿದೆ.

ಅಂದಿನಿಂದ ಬೀದಿ ಕುರುಡಾಯಿತು. ಬೆಳಗಿನ ಬಾಂಗು ಆದೊಡನೆ ಅವನು ಮೆಟ್ಟಿಲಿನ ತುದಿಯ ತನ್ನ ಮನೆಯಿಂದ ಹೆಂಡತಿಯನ್ನು ಹೊತ್ತು ಇಳಿಯುತ್ತಾನೆ. ಆ ಹೊತ್ತಿಗೆ ಮೆಟ್ಟಿಲಿನ ಎರಡೂ ಬದಿಯ ಕಿಟಕಿಗಳು ಮುಚ್ಚುತ್ತವೆ, ದೀಪಗಳು ಆರುತ್ತವೆ. ನಮಾಜು ಮುಗಿಸಿದ ಗಂಡಸರು ಮಸೀದಿಯ ಬಾಗಿಲಲ್ಲಿ ಚಪ್ಪಲಿ ಹುಡುಕುವವರಂತೆ ತಡಮಾಡುತ್ತಾರೆ. ಕೆಳಗೆ ಕಾಯುವ ಟ್ಯಾಕ್ಸಿಯವನು ಬೆನ್ನು ತಿರುಗಿಸಿ ಸಿಗರೇಟು ಸೇದುತ್ತಾನೆ. ಡಯಾಲಿಸಿಸ್ ಮುಗಿದ ಮೇಲೆ ಹಸ್ನಾ ಕೆಳಪೇಟೆಯ ತಂಗಿಯ ಮನೆಯಲ್ಲಿ ಮಲಗಿದ್ದು, ಮುಸ್ಸಂಜೆಯ ಬಾಂಗಿಗೆ ಎಲ್ಲರೂ ಒಳಗೆ ಸೇರಿದಾಗ ಅದೇ ಬೆನ್ನ ಮೇಲೆ ಹತ್ತುತ್ತಾಳೆ. ಕಟ್ಟೆಯ ಬಳಿ ಅವನು ಹಿಂದೆ ಸರಿದು ಅವಳನ್ನು ಕೂರಿಸುತ್ತಾನೆ, ನಾಲ್ಕು ಉಸಿರು ತೆಗೆದುಕೊಳ್ಳುತ್ತಾನೆ. ಕಿಟಕಿಯ ಹಲಗೆಯ ಈಚೆಗೆ ನಾನು, ಆಚೆಗೆ ಅವಳು, ನಡುವೆ ಒಂದು ಗೇಣು. ನಾಲ್ಕು ವರ್ಷದಲ್ಲಿ ಒಂದು ದಿನವೂ ನಾನು ಕೆಮ್ಮಲಿಲ್ಲ. ಇನ್ನೊಬ್ಬರ ಮಾನಕ್ಕೆ ಮರೆಯಾಗುವುದು ನಮ್ಮಲ್ಲಿ ನಮಾಜಿನಷ್ಟೇ ದೊಡ್ಡದು. ಅದರ ಬಗ್ಗೆ ನನಗೆ ಹೆಮ್ಮೆಯೂ ಇತ್ತು, ಯಾಕೆ ಸುಳ್ಳು ಹೇಳಲಿ?

ಹೀಗಿರುವಾಗ ಫೆಬ್ರವರಿಯಲ್ಲಿ ವಿದ್ಯಾರ್ಥಿಗಳು ಬಂದರು. ಪಶ್ಚಿಮ ಅಮ್ಮಾನ್‌ನ ಯಾವುದೋ ವಿಶ್ವವಿದ್ಯಾಲಯದವರು, ಪರಿಸರ ವಿನ್ಯಾಸ ಕಲಿಯುವವರು, ಹದಿನೆಂಟು ಮಂದಿ. ಪುಸ್ತಕದಿಂದ ಕಲಿಯುವುದಲ್ಲ, ಜನರ ನಡುವೆ ಕಲಿಯುವುದು ಎಂದು ಅವರ ಮೇಷ್ಟ್ರು ಡಾಕ್ಟರ್ ಬಾಸಿಲ್ ಹೇಳಿದ. ಆ ವರ್ಷ 'ಜನ' ಎಂದರೆ ನಾವು. ಮುಂದಿನ ವರ್ಷ ಬೇರೆ ಗುಡ್ಡದಲ್ಲಿ ಬೇರೆ ಜನ ಸಿಗುತ್ತಾರೆ. ಯಾವುದೋ ರಾಯಭಾರ ಕಚೇರಿ ದುಡ್ಡು ಕೊಟ್ಟಿತ್ತಂತೆ.

ನಮ್ಮ ಬೀದಿಯ ಸಮಿತಿಯ ಹಿರಿಯ ಹಾಜಿ ಫವ್ವಾಝ್, ಅತಿಥಿ ಬಂದರೆಂದು ಕುರಿ ಕೊಯ್ಯಿಸಿ ಮನ್ಸಫ್ ಮಾಡಿಸಿದ. ತಾಲಿನ್ ಎಂಬ ಹುಡುಗಿ, ಆ ಗುಂಪಿನ ನಾಯಕಿ, ಮಾಂಸ ತಿನ್ನುವುದಿಲ್ಲವಂತೆ, ಮೊಸರೂ ಮುಟ್ಟುವುದಿಲ್ಲವಂತೆ. ಮನ್ಸಫ್‌ನಲ್ಲಿ ಅವೆರಡು ತೆಗೆದರೆ ಉಳಿಯುವುದು ಅನ್ನ. ಅನ್ನವನ್ನೇ ಹಾಜಿ ಬೆಟ್ಟದಷ್ಟು ಅವಳ ಮುಂದೆ ಒಟ್ಟಿದ. ಕೆಟ್ಟ ಹುಡುಗಿಯಲ್ಲ, ನಗುಮುಖದವಳು. ಆ ನಗುವೇ ನನಗೆ ಈಗ ನೆನೆದರೆ ಮೈಯುರಿಯುತ್ತದೆ.

ಊಟವಾದ ಮೇಲೆ ಎಲ್ಲರ ಕೈಗೂ ಬಣ್ಣಬಣ್ಣದ ಅಂಟುಚೀಟಿ ಕೊಟ್ಟರು. ಮೆಟ್ಟಿಲಿಗೆ ಏನು ಬೇಕು ಎಂದು ಬರೆದು ಗೋಡೆಗೆ ಅಂಟಿಸಬೇಕು. ನಮ್ಮವರು ಏನು ಬರೆದರು ಗೊತ್ತೇ? 'ನಮ್ಮ ಕಣ್ಣಬೆಳಕುಗಳೇ, ಸ್ವಾಗತ.' 'ನಿಮ್ಮ ಇಷ್ಟವೇ ನಮ್ಮ ಇಷ್ಟ.' 'ದೇವರು ನಿಮ್ಮ ಕೈಗೆ ಬಲ ಕೊಡಲಿ.' ಮನೆಗೆ ಬಂದವರ ಮುಂದೆ ಇಲ್ಲ ಅನ್ನುವುದು ನಮ್ಮ ರಕ್ತದಲ್ಲಿಲ್ಲ. ಆ ಚೀಟಿಗಳನ್ನೆಲ್ಲ ಅವರು 'ಜನರ ಒಪ್ಪಿಗೆ' ಎಂಬ ತಲೆಬರಹದ ಕೆಳಗೆ ಜೋಡಿಸಿದರು. ನಾನೊಬ್ಬಳು ಬರೆದೆ: ಹಿಡಿದುಕೊಳ್ಳಲು ಕಬ್ಬಿಣದ ಕಂಬಿ ಬೇಕು, ಅರವತ್ತೊಂದನೇ ಮೆಟ್ಟಿಲು ಮುರಿದಿದೆ.

ತಾಲಿನ್ ನನ್ನ ಚೀಟಿ ಓದಿ ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತಳು. "ಚಿಕ್ಕಮ್ಮ, ಕಂಬಿ ಹಾಕಿದ್ರೆ ನೋಟ ಕೆಡುತ್ತೆ. ನಾವಿಲ್ಲಿ ಹಸಿರು ತರ್ತಾ ಇದೀವಿ. ರೋಸ್‌ಮೆರಿ, ಲ್ಯಾವೆಂಡರ್."

"ಜಾರಿದಾಗ ರೋಸ್‌ಮೆರಿ ಹಿಡ್ಕೊಳ್ಳೋಕಾಗುತ್ತೇನಮ್ಮ?"

ಅವಳು ಕಿಲಕಿಲ ನಕ್ಕು, ಡಾಕ್ಟರ್ ಬಾಸಿಲ್‌ನ ಕಡೆ ತಿರುಗಿ, "ಸರ್, ಇವರ ಮಾತು ಎಷ್ಟು ಚೆನ್ನಾಗಿದೆ ನೋಡಿ, ಬರ್ಕೊಳ್ತೀನಿ" ಅಂದಳು. ಬರೆದುಕೊಂಡಳು ಕೂಡ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ, ಮುರಿದ ಮೆಟ್ಟಿಲು ಹಾಗೇ ಉಳಿಯಿತು, ಗಟ್ಟಿಯಾಗಿದ್ದ ಮೆಟ್ಟಿಲುಗಳಿಗೆ ಬಣ್ಣ ಬಿತ್ತು.

ಎರಡು ವಾರ ಅವರು ಮೂರನೇ ತಿರುವಿನಲ್ಲಿ ಮಡಚು ಕುರ್ಚಿ ಹಾಕಿಕೊಂಡು ಕೂತು, ಯಾರು ಎಷ್ಟು ಹೊತ್ತಿಗೆ ಬಂದರು, ಎಲ್ಲಿ ನಿಂತರು ಎಂದು ಗುರುತು ಹಾಕಿದರು. ಬೆಳಿಗ್ಗೆ ಎಂಟಕ್ಕೆ ಬರುವುದು, ಸಂಜೆ ಐದಕ್ಕೆ ಬಸ್ಸು ಹತ್ತುವುದು. ಕೊನೆಗೆ ಒಂದು ದೊಡ್ಡ ನಕ್ಷೆ ಮಾಡಿ ಮಸೀದಿಯ ಗೋಡೆಗೆ ತೂಗುಹಾಕಿದರು. ಅದರಲ್ಲಿ ಬೆಕ್ಕುಗಳು ಮಲಗುವ ಜಾಗಕ್ಕೂ ಗುರುತಿತ್ತು. ನಮ್ಮ ಕಟ್ಟೆಯ ಮೇಲೆ ಹೀಗೆ ಬರೆದಿತ್ತು: 'ಬೆಳಿಗ್ಗೆ ಎಂಟರ ಮೊದಲು, ಸಂಜೆ ಐದರ ನಂತರ: ಬಳಕೆಯಿಲ್ಲ. ಹಗಲಿನಲ್ಲಿ: ಕಡಿಮೆ.' ಇಡೀ ಬೀದಿ ಅದರ ಮುಂದೆ ನಿಂತು ಓದಿತು. ಎಲ್ಲರೂ ತಲೆದೂಗಿದರು. ಹಾಜಿ ಫವ್ವಾಝ್, "ಭೇಷ್, ಭೇಷ್, ನಮಗೇ ಗೊತ್ತಿಲ್ಲದ್ದನ್ನೆಲ್ಲ ಕಂಡುಹಿಡಿದಿದೀರಿ" ಅಂದ. ಶಹಾದೆ ಗುಂಪಿನ ಹಿಂದೆ ನಿಂತಿದ್ದ.

ಕಟ್ಟೆಯ ಮೇಲೆ ಉದ್ದಕ್ಕೂ ಕಾಂಕ್ರೀಟಿನ ಗಿಡದ ತೊಟ್ಟಿ ಕಟ್ಟುತ್ತಾರೆ ಎಂದು ತಿಳಿದ ದಿನ ಅವನು ತಾಲಿನ್‌ಳನ್ನು ಹುಡುಕಿಕೊಂಡು ಬಂದ. ನನ್ನ ಕಿಟಕಿಯ ಕೆಳಗೇ ಮಾತಾಯಿತು, ಒಂದಕ್ಷರ ಬಿಡದೆ ಕೇಳಿಸಿಕೊಂಡೆ.

"ಮಗಳೇ, ಈ ಕಟ್ಟೆ ಒಂದು ಬಿಟ್ಟುಬಿಡಿ. ನಾನು ಹೊರೆ ಇಳಿಸೋ ಜಾಗ ಇದು."

"ಅಯ್ಯೋ ಚಿಕ್ಕಪ್ಪ, ನಿಮ್ಮನ್ನ ಮರೀತೀವಾ? ನಿಮಗಂತಲೇ ಆ ಕಡೆ ಒಂದು ಬೆಂಚು ಹಾಕ್ತಾ ಇದೀವಿ. 'ಹಮಾಲಿಯ ವಿಶ್ರಾಂತಿ' ಅಂತ ಹೆಸರು. ಹಾಯಾಗಿ ಕೂತ್ಕೊಳ್ಳಿ."

"ನಾನು ಕೂರೋದಲ್ಲಮ್ಮ. ಹೊರೆ ಕೂರ್ಬೇಕು. ಬಗ್ಗಿದ್ರೆ ಏಳೋಕಾಗಲ್ಲ."

"ದಿನಕ್ಕೆ ಎಷ್ಟು ಹೊರೆ ತರ್ತೀರಿ ಚಿಕ್ಕಪ್ಪ? ನಮ್ಮ ಲೆಕ್ಕದಲ್ಲಿ ವಾರಕ್ಕೆ ಎರಡು ಬಂದಿದೆ."

ನಿಜವೇ. ಈಚೆಗೆ ವಯಸ್ಸಾಗಿ ಅವನು ಹಗಲಿನ ಹೊರೆಯನ್ನು ಕಡಿಮೆ ಮಾಡಿದ್ದ. ಉಳಿದ ಶಕ್ತಿಯನ್ನು ವಾರದ ಮೂರು ದಿನಕ್ಕೆ ಎತ್ತಿಟ್ಟುಕೊಳ್ಳುತ್ತಿದ್ದ. "ಇನ್ನೂ ಇದೆ ಮಗಳೇ" ಅಂದವನು ಮುಂದೆ ಹೇಳಲಿಲ್ಲ. ಆ ಹುಡುಗಿ ಅವನ ತೋಳು ಹಿಡಿದು ಒಂದು ಫೋಟೋ ತೆಗೆಸಿಕೊಂಡಳು. ಅದನ್ನು ನೋಡಿ ಗೋಡೆಯ ಮೇಲೆ ಅವನ ಚಿತ್ರ ಬರೆದರು, ಬೆನ್ನ ಮೇಲೆ ಫ್ರಿಜ್, ಫ್ರಿಜ್ ತುಂಬಾ ಹೂವು.

ನಾನು ಹಾಜಿ ಫವ್ವಾಝ್‌ನ ಮನೆಗೆ ಹೋದೆ. "ಹಾಜಿ, ನೀವು ಹಿರಿಯರು. ಆ ಡಾಕ್ಟರ್ ಕಿವೀಲಿ ಒಂದು ಮಾತು ಹಾಕಿ, ಸಾಕು."

"ಛೀ ಛೀ! ಬೇರೆಯವರ ಮನೆ ಹೆಂಗಸಿನ ವಿಷಯ ನಾನು ಪರಗಂಡಸಿನ ಕಿವೀಲಿ ಊದ್ಲಾ? ಅದೂ ಅತಿಥಿ ಹತ್ರ? ನಾಳೆ ಅಬು ರೌದಾ ಮುಖ ಹೇಗೆ ನೋಡ್ಲಿ?"

"ಅವನು ಬಿದ್ದು ಸತ್ರೆ ಮುಖ ನೋಡೋ ತೊಂದ್ರೆನೇ ಇರಲ್ಲ ಬಿಡಿ."

"ಹಾಗಿದ್ರೆ ನೀನೇ ಹೇಳು. ಬಾಯಿ ಇದೆಯಲ್ಲ ನಿಂಗೆ, ಊರಿಗೆಲ್ಲ ಆಗೋಷ್ಟು."

ನಾನು ಹೇಳಲಿಲ್ಲ. ಬಿಸಿತುಪ್ಪ, ನುಂಗಲೂ ಆಗದು, ಉಗುಳಲೂ ಆಗದು. ಯಾರಾದರೂ ಹೇಳಿದರೆಂದು ಹಸ್ನಾಳಿಗೆ ಗೊತ್ತಾದರೆ ಆಸ್ಪತ್ರೆಗೆ ಹೋಗುವುದನ್ನು ಬಿಡುತ್ತಾಳೆ, ಬಿಟ್ಟರೆ ವಾರದಲ್ಲಿ ಮಣ್ಣು. ಆ ಪಾಪ ನನ್ನ ತಲೆಗೆ ಬೇಡ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದು ಎಷ್ಟು ಅನುಕೂಲದ ಸಮಾಧಾನ ಎಂದು ಈಗ ತಿಳಿಯುತ್ತದೆ. ಮಾರ್ಚ್ ಕೊನೆಗೆ ತೊಟ್ಟಿ ಎದ್ದಿತು. ಎದೆಯೆತ್ತರ, ಮೇಲೆ ಒಡೆದ ಗಾಜಿನ ಚೂರು ಅಂಟಿಸಿದ ಚಿತ್ತಾರ, ಒಳಗೆ ಒಂದು ಗೇಣಿನ ರೋಸ್‌ಮೆರಿ. ಮೂಗಿಗಿಂತ ಮೂಗುತಿ ಭಾರ. ತಿರುವಿನ ಮೆಟ್ಟಿಲುಗಳಿಗೆ ಹಳದಿ, ನೀಲಿ ಎಣ್ಣೆಬಣ್ಣ ಬಿತ್ತು. ಬಿಸಿಲಲ್ಲಿ ಒಣಗಿ ಹೊಳೆಯಿತು.

ಇಳಿಸುವ ಜಾಗವಿಲ್ಲದೆ ಶಹಾದೆ ಒಂದೇ ಉಸಿರಿಗೆ ನೂರ ಎಂಬತ್ತಾರು ಮೆಟ್ಟಿಲು ಹೆಂಡತಿಯನ್ನು ಹೊರತೊಡಗಿದ. ತಿರುವಿನಲ್ಲಿ ಗೋಡೆಗೆ ಭುಜ ಒತ್ತಿ, ಇಂಚು ಇಂಚಾಗಿ ಹೊರಳುವ ಸದ್ದು ನನಗೆ ಕೇಳುತ್ತಿತ್ತು. ಅವನ ಉಸಿರು ಕೇಳುತ್ತಿತ್ತು. ಹಸ್ನಾ, "ಇಳಿಸು, ಕೆಳಗೇ ಇಳಿಸು, ನೆಲದ ಮೇಲೆ ಕೂರ್ತೀನಿ" ಅನ್ನುವುದು, ಅವನು, "ನೆಲಕ್ಕೆ ಇಳಿಸಿದ್ರೆ ಮತ್ತೆ ಎತ್ತೋಕಾಗಲ್ಲ ಮಾರಾಯ್ತಿ, ಸುಮ್ನಿರು" ಅನ್ನುವುದು.

ಏಪ್ರಿಲ್ ಎರಡನೇ ಬುಧವಾರ ಬೆಳಿಗ್ಗೆ ಇಬ್ಬನಿ ಬಿದ್ದಿತ್ತು. ಬಾಂಗು ಆಯಿತು. ದೀಪ ಆರಿಸಿ ಕಿಟಕಿಯ ಹಿಂದೆ ನಿಂತೆ. ಇಳಿಯುವ ಹೆಜ್ಜೆ, ಗೋಡೆಗೆ ಭುಜ ಉಜ್ಜುವ ಸದ್ದು, ಆಮೇಲೆ ಚಪ್ಪಲಿ ಸರ್ರನೆ ಜಾರಿತು. ಮೂಳೆ ಕಲ್ಲಿಗೆ ಬಡಿದ ಸದ್ದು ಕೇಳಿದವರಿಗೇ ಗೊತ್ತು. ಹಸ್ನಾ ಕೂಗಲಿಲ್ಲ. ಶಹಾದೆಯೂ ಕೂಗಲಿಲ್ಲ. ಹಲ್ಲು ಕಚ್ಚಿದವನ ನರಳಾಟ ಮಾತ್ರ.

ನನ್ನ ಕೈ ಚಿಲಕದ ಮೇಲಿತ್ತು. ಒಂದು ಗೇಣಿನ ದೂರ. ತೆಗೆದರೆ ಅವಳ ಕೈಹಿಡಿದು ಗೋಡೆಗೆ ಒರಗಿಸಬಹುದಿತ್ತು, ಒಂದು ಲೋಟ ನೀರು ಕೊಡಬಹುದಿತ್ತು.

"ಯಾರಾದ್ರೂ ನೋಡಿದ್ರಾ?" ಹಸ್ನಾ ಪಿಸುಗುಟ್ಟಿದಳು.

"ಯಾರೂ ಇಲ್ಲ. ಎಲ್ಲ ಮಲಗಿದಾರೆ."

"ಮಂಡಿ?"

"ಮಂಡಿಗೇನೂ ಆಗಿಲ್ಲ. ಕತ್ತು ಬಿಗಿಯಾಗಿ ಹಿಡ್ಕೊ."

ಅವನು ಎದ್ದ. ಹೇಗೆ ಎದ್ದನೋ ದೇವರಿಗೇ ಗೊತ್ತು. ಒಂದು ಹೆಜ್ಜೆ ಗಟ್ಟಿ, ಒಂದು ಹೆಜ್ಜೆ ಎಳೆತ, ಹಾಗೇ ಕೆಳಗೆ ಹೋಯಿತು. ನಾನು ಚಿಲಕದಿಂದ ಕೈ ತೆಗೆದೆ. ಬೆಳಕು ಹರಿದ ಮೇಲೆ ನೋಡಿದರೆ ನೀಲಿ ಮೆಟ್ಟಿಲಿನ ಅಂಚಿನಲ್ಲಿ ರಕ್ತವಿತ್ತು. ಬಕೆಟ್ಟು ತಂದು ತೊಳೆದೆ. ಮರ್ಯಾದೆ ಅಂದರೆ ಹೀಗೆ ನಮ್ಮದು: ಬಿದ್ದವನನ್ನು ಎತ್ತುವುದಿಲ್ಲ, ರಕ್ತ ತೊಳೆಯುತ್ತೇವೆ.

ಮರುದಿನವೇ ಉದ್ಘಾಟನೆ. ಹನ್ನೊಂದು ಗಂಟೆಗೆ ರಾಯಭಾರ ಕಚೇರಿಯ ಹೆಂಗಸು, ಅಂಕ ಕೊಡುವ ಮೂವರು ಮೇಷ್ಟ್ರು, ಹಣ್ಣಿನ ರಸದ ಲೋಟಗಳು, ಹದಿನೆಂಟು ಮಕ್ಕಳಿಗೂ ಒಂದೇ ಬಣ್ಣದ ಅಂಗಿ. ರಿಬ್ಬನ್ ಕತ್ತರಿಸಲು ಶಹಾದೆಯನ್ನೇ ಕರೆದಿದ್ದರು. 'ಮೆಟ್ಟಿಲಿನ ಆತ್ಮ' ಎಂದು ಅವನಿಗೆ ಬಿರುದು ಬೇರೆ. ಅವನು ರೌದಾಳ ಮದುವೆಗೆ ಹೊಲಿಸಿದ ಸೂಟು ಹಾಕಿಕೊಂಡು ಬಂದ. ಮಂಡಿ ಊದಿ ಪ್ಯಾಂಟಿನ ಹೊಲಿಗೆ ಬಿರಿಯುವಂತಿತ್ತು. ಆ ಹೊಲಿಗೆ ನನ್ನದೇ. ಡಾಕ್ಟರ್ ಬಾಸಿಲ್ ಅವನ ಕೈಗೆ ಕತ್ತರಿ ಕೊಟ್ಟು, "ಅಬು ರೌದಾ, ಎರಡು ಮಾತಾಡಿ" ಅಂದ.

ಶಹಾದೆ ಕತ್ತರಿ ಹಿಡಿದು ತೊಟ್ಟಿಯನ್ನು ನೋಡಿದ.

"ಇದನ್ನ ಒಡೀಬೇಕು" ಅಂದ.

ಡಾಕ್ಟರ್ ನಕ್ಕ. ಅವನು ನಕ್ಕನೆಂದು ಮಕ್ಕಳೂ ನಕ್ಕರು. "ಯಾಕೆ? ಬಣ್ಣ ಹಿಡಿಸ್ಲಿಲ್ವಾ?"

"ಒಡೀಬೇಕು ಡಾಕ್ಟರ್."

"ಕಾರಣ ಹೇಳಿ ಅಬು ರೌದಾ. ನಾವು ಎರಡು ತಿಂಗಳು ಎಲ್ಲರನ್ನೂ ಕೇಳಿ ಮಾಡಿದ್ದು ಇದು. ಇಡೀ ಬೀದಿ ಒಪ್ಪಿದೆ. ಒಬ್ಬರಾದ್ರೂ ಬೇಡ ಅಂದ್ರಾ?" ಎಂದು ನಮ್ಮ ಕಡೆ ಕೈ ಬೀಸಿದ.

ಬೀದಿಯ ನಲವತ್ತು ಜನ ಅಲ್ಲಿದ್ದೆವು. ಕಾರಣ ನಲವತ್ತು ಜನಕ್ಕೂ ಗೊತ್ತು. ಒಬ್ಬ ಚಪ್ಪಲಿ ನೋಡಿದ, ಒಬ್ಬ ಜಪಮಣಿ ಎಣಿಸಿದ, ಹಾಜಿ ಫವ್ವಾಝ್ ರಾಯಭಾರದ ಹೆಂಗಸಿಗೆ ಇನ್ನೊಂದು ಲೋಟ ರಸ ಮುಂದೆ ಮಾಡಿದ. ನನ್ನ ಬಾಯಿ, ಊರಿಗೆಲ್ಲ ಆಗುವಷ್ಟು ದೊಡ್ಡ ಬಾಯಿ, ಅವತ್ತು ಹೊಲಿದುಕೊಂಡಿತ್ತು. ಶಹಾದೆ ನಮ್ಮೆಲ್ಲರ ಮುಖವನ್ನು ಒಂದೊಂದಾಗಿ ನೋಡಿದ. ಅಂಥ ಹೇಡಿಗಳ ಗುಂಪನ್ನು ನಾನು ಹಿಂದೆ ಕಂಡಿರಲಿಲ್ಲ, ನಾನೂ ಅದರಲ್ಲಿದ್ದೆ.

"ಹಳೇ ಜನಕ್ಕೆ ಬದಲಾವಣೆ ಕಷ್ಟ" ಎಂದು ಡಾಕ್ಟರ್ ಅತಿಥಿಗಳ ಕಡೆ ತಿರುಗಿ ಮೆಲ್ಲಗೆ ವಿವರಿಸತೊಡಗಿದ. ಶಹಾದೆಯ ಕಿವಿ ಕೆಂಪಾಯಿತು.

ಆಗ ಮೇಲೆ ಶಹಾದೆಯ ಮನೆಯ ಕಿಟಕಿ ತೆರೆದ ಸದ್ದಾಯಿತು. ನಾಲ್ಕು ವರ್ಷದಿಂದ ಹಗಲಲ್ಲಿ ತೆರೆಯದ ಕಿಟಕಿ. ಹಸ್ನಾ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಒಂಟಿಕಾಲಲ್ಲಿ ನಿಂತಿದ್ದಳು. ಮುಖ ಬೂದಿಬಣ್ಣಕ್ಕೆ ತಿರುಗಿತ್ತು.

"ಅಬು ರೌದಾ, ಹೇಳು ಅವರಿಗೆ! ನನ್ನನ್ನ ಕೂರಿಸೋಕೆ ಅಂತ ಹೇಳು. ಕಾಲಿಲ್ಲದ ಹೆಂಡ್ತೀನ ಬೆನ್ನ ಮೇಲೆ ಹೊತ್ಕೊಂಡು ವಾರಕ್ಕೆ ಮೂರು ದಿನ ಆಸ್ಪತ್ರೆಗೆ ಹೋಗ್ತೀನಿ, ದಾರೀಲಿ ಇಳಿಸೋಕೆ ಇರೋದು ಅದೊಂದೇ ಕಲ್ಲು ಅಂತ ಹೇಳು. ನಿನ್ನೆ ಇವರ ಬಣ್ಣದ ಮೇಲೆ ಬಿದ್ದೆ ಅಂತ್ಲೂ ಹೇಳು!"

ಆಗ ನಮ್ಮ ಬೀದಿ ಏನು ಮಾಡಿತು? ನಲವತ್ತು ಜನ, ಹೆಂಗಸರು ಗಂಡಸರು, ರೂಢಿಯಂತೆ ಒಟ್ಟಿಗೆ ಗೋಡೆಯ ಕಡೆ ಮುಖ ತಿರುಗಿಸಿದೆವು. ಅವಳೇ ಕಿಟಕಿ ತೆರೆದು ಊರಿಗೆಲ್ಲ ಕೇಳುವಂತೆ ಕೂಗುತ್ತಿದ್ದಾಗಲೂ ನಾವು ನೋಡಲಿಲ್ಲ. ಕತ್ತೆತ್ತಿ ನೋಡಿದವರು ಅತಿಥಿಗಳು ಮಾತ್ರ. ಅದರಲ್ಲಿ ಒಬ್ಬ ಹುಡುಗ ಫೋನ್ ಎತ್ತಿದ. ತಾಲಿನ್ ಅದನ್ನು ಹೊಡೆದು ಕೆಳಗಿಳಿಸಿದಳು. ಅವಳ ಲೆಕ್ಕಕ್ಕೆ ಅದೊಂದು ಪುಣ್ಯ ಬರೆದಿಡುತ್ತೇನೆ.

ಡಾಕ್ಟರ್ ಬಾಸಿಲ್ ಹಾಜಿಯ ಹತ್ತಿರ ಬಂದ. "ಇದು ತುಂಬ ಮುಖ್ಯವಾದ ಮಾಹಿತಿ ಹಾಜಿ. ಮೊದಲೇ ಯಾಕೆ ಹೇಳಲಿಲ್ಲ? ವರದಿಯಲ್ಲಿ ಇದಕ್ಕೇ ಒಂದು ಅಧ್ಯಾಯ ಮಾಡಬಹುದಿತ್ತು." ಅಂಕ ಕೊಡಲು ಬಂದ ಒಬ್ಬ ಮೇಷ್ಟ್ರು ಹೌದೆಂದು ತಲೆಯಾಡಿಸಿ ಏನೋ ಬರೆದುಕೊಂಡ. ಅವನ ಲೇಖನಿ ಕಿತ್ತು ರೋಸ್‌ಮೆರಿ ತೊಟ್ಟಿಯಲ್ಲಿ ನೆಡಬೇಕೆನ್ನಿಸಿತು.

ಮಾತು ಮುಗಿಯುವ ಮೊದಲೇ ಶಹಾದೆ ಪಕ್ಕದ ಮನೆಯಿಂದ ದೊಡ್ಡ ಸುತ್ತಿಗೆ ತಂದಿದ್ದ. ಮದುವೆಯ ಸೂಟಿನಲ್ಲೇ, ಒಂದು ಕಾಲು ಚಾಚಿ ನಿಂತು, ಹೊಡೆದ. ಗಾಜಿನ ಚೂರು ಹಾರಿತು. ಮಕ್ಕಳು ರಸದ ಲೋಟ ಹಿಡಿದುಕೊಂಡೇ ಹಿಂದೆ ಸರಿದರು. ತಾಲಿನ್ ಅಳುತ್ತಾ ಗಿಡಗಳನ್ನು ಒಂದೊಂದಾಗಿ ಕಿತ್ತು ಪಕ್ಕಕ್ಕಿಟ್ಟಳು. "ನಾನು ನಿಮ್ಮನ್ನ ಕೇಳಿದ್ನಲ್ಲ ಚಿಕ್ಕಪ್ಪ" ಎಂದು ಎರಡು ಸಲ ಅಂದಳು. ಮಧ್ಯಾಹ್ನದ ಹೊತ್ತಿಗೆ ಕಲ್ಲಿನ ಕಟ್ಟೆ ಮತ್ತೆ ಸೊಂಟದೆತ್ತರಕ್ಕೆ ಬಂತು.

ಶುಕ್ರವಾರ ಇಡೀ ಬೀದಿಗೆ ಒಂದೇ ಪ್ರಶ್ನೆ, ಯಾರೂ ಬಾಯಿಬಿಟ್ಟು ಕೇಳದ ಪ್ರಶ್ನೆ. ಒಂದು ಕಣ್ಣು ನೋಡಿದರೆ ಅವತ್ತೇ ಕೊನೆ ಅಂದಿದ್ದಳು ಹಸ್ನಾ. ಈಗ ರಾಯಭಾರ ಕಚೇರಿಯೇ ನೋಡಿತ್ತು.

ಶನಿವಾರ ಬೆಳಗಿನ ಬಾಂಗು ಆಯಿತು. ಏನು ಮಾಡಬೇಕೋ ತೋಚಲಿಲ್ಲ. ಕಿಟಕಿ ತೆಗೆದಿಟ್ಟರೆ ನೋಡಲು ಕಾದಿದ್ದಾಳೆ ಎಂದಾಗುತ್ತದೆ, ಮುಚ್ಚಿದರೆ ಇನ್ನೂ ನಾಟಕ. ಕೊನೆಗೆ ಮುಚ್ಚಿದೆ. ದೀಪ ಆರಿಸಿ ಎಂದಿನ ಜಾಗದಲ್ಲಿ ನಿಂತೆ. ತುಂಬ ಹೊತ್ತು ಸದ್ದಿಲ್ಲ. ಬರುವುದಿಲ್ಲ, ಮುಗಿಯಿತು ಅಂದುಕೊಂಡೆ. ಆಮೇಲೆ ಮೇಲಿನಿಂದ ಒಂದು ಗಟ್ಟಿ ಹೆಜ್ಜೆ, ಒಂದು ಎಳೆತದ ಹೆಜ್ಜೆ. ಅವನು ಹಿಂದೆ ಸರಿದ. ನಿಲುವಂಗಿಯ ಬಟ್ಟೆ ಕಲ್ಲಿಗೆ ತಾಗಿತು. ನಾಲ್ಕು ಉಸಿರು.

ನನ್ನ ಕಿಟಕಿಯ ಹಲಗೆಯ ಮೇಲೆ ಬೆರಳ ಗೆಣ್ಣಿನಿಂದ ಬಡಿತ ಬಿತ್ತು.

"ಉಮ್ ನಾಸಿಫ್, ತೆಗಿ. ಅಲ್ಲೇ ಇದೀಯ ಅಂತ ಗೊತ್ತು. ನಾಲ್ಕು ವರ್ಷದಿಂದ ನಿನ್ನ ಉಸಿರು ನಂಗೆ ಕೇಳಿಸುತ್ತೆ."

ನಾನು ಅಲುಗಾಡಲಿಲ್ಲ.

"ಬುಧವಾರನೂ ಕೇಳಿಸ್ತು" ಅಂದಳು. "ಇವನು ಬಿದ್ದಾಗ ಚಿಲಕ ಅಲ್ಲಾಡಿದ್ದೂ ಕೇಳಿಸ್ತು. ಈಗ ತೆಗೀತಾಳೆ, ಈಗ ತೆಗೀತಾಳೆ ಅಂತ ಕಾದೆ. ನೀನು ನೋಡಿದ್ರೂ ಪರವಾಗಿಲ್ಲ ಅನ್ನಿಸಿತ್ತು ಆವಾಗ, ಇವನನ್ನ ಎತ್ತೋಕೆ ಒಂದು ಕೈ ಬಂದ್ರೆ ಸಾಕಿತ್ತು."

ಶಹಾದೆ, "ಹೋಗ್ಲಿ ಬಿಡು, ಹೊತ್ತಾಯ್ತು" ಅಂದ. ನನ್ನ ಮೇಲೆ ಅವನಿಗೆ ಬೇಸರವೂ ಇರಲಿಲ್ಲ. ಅದೇ ನನ್ನನ್ನು ಹೆಚ್ಚು ಸುಟ್ಟಿದ್ದು.

ಚಿಲಕ ತೆಗೆದೆ. ನನ್ನ ಕಣ್ಣೆದುರಿಗೆ, ಒಂದು ಗೇಣಿನ ದೂರದಲ್ಲಿ, ಹಸ್ನಾಳ ಬೆನ್ನಿತ್ತು. ಅವಳು ಮುಖವನ್ನು ಆಚೆಗೆ ತಿರುಗಿಸಿಕೊಂಡಿದ್ದಳು. ನಾನು ಹೆಸರು ಹಿಡಿದು ಕರೆದೆ, ಎರಡು ಸಲ ಕರೆದೆ. ಅವಳು ತಿರುಗಲಿಲ್ಲ. ಗಂಡನ ಕತ್ತಿಗೆ ಕೈ ಹಾಕಿದಳು, ಅವನು ಹಗ್ಗ ಬಿಗಿದ, ಇಬ್ಬರೂ ಇಳಿದು ಹೋದರು.